ಹೊಟ್ಟೆನೋವಲ್ಲ

“ಹಿಡೀರಿ, ಹಿಡೀರಿ! ಕಾಲಿನ ಕಡಿ ಜೋಲಿ ಹೊಡ್ಯಾಕತ್ತದ!”

ರೇವಮ್ಮ ಕೂಗಿದ್ದೇ ತಡ, ಸಾಯಿರಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಟ್ಟದ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟಳು. ಹದಿನಾಲ್ಕು ವರ್ಷ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಅನ್ನದ ಪಾತೆಲೆಯನ್ನು ಆ ಕಡೆಯಿಂದ ಅಂಬುಬಾಯಿ, ಈ ಕಡೆಯಿಂದ ಸಾಯಿರಾ ಹಿಡಿದು ಇಳಿಸಿದ್ದರು. ಇವತ್ತು ಹೊರಬೇಕಾದ ಭಾರ ಅಂಬುಬಾಯಿಯೇ. ಅನ್ನಕ್ಕಿಂತ ಹಗುರವಾಗಿದ್ದಳು.

“ಏ ಸಾಯಿರಾ! ಬುದ್ಧಿ ಅದನೋ ಇಲ್ಲೋ?” ಗಲ್ಲಿಯ ತುದಿಯಲ್ಲಿ ಟಂಟಂ ಆಟೋ ನಿಲ್ಲಿಸಿಕೊಂಡಿದ್ದ ಗಂಡ ಗೌಸಮೊಹಿದ್ದೀನ ಅಲ್ಲಿಂದಲೇ ಕೂಗಿದ. “ಹೆಂಗಸರು ಮಣ್ಣಿಗೆ ಹೋಗ್ತಾರೇನು?”

“ಹೊಂಟೇನಿ ನೋಡ್ರಿ. ಕಾಣವಲ್ದೇನು?”

“ಗೌಸಣ್ಣ,” ಎಂದಳು ರೇವಮ್ಮ, ಮುಂದಿನ ಬಿದಿರಿನ ಕೆಳಗಿಂದಲೇ. “ನಿನ್ನ ಟಂಟಮ್ಮಿನ್ಯಾಗ ಹದಿನಾಲ್ಕು ಮಂದಿನ್ನ ತುರಕತಿ. ಅವಾಗ ಹೆಂಗಸರ‍್ಯಾರು, ಗಂಡಸರ‍್ಯಾರು ಅಂತ ಕೇಳ್ತಿಯೇನಪಾ?”

ಅಳುತ್ತಿದ್ದವರಲ್ಲಿ ಇಬ್ಬರು ಮೂವರು ನಕ್ಕರು. ಗೌಸ ಮುಖ ತಿರುಗಿಸಿದ.

ಹೆಣ್ಣುಮಕ್ಕಳೇ ತನ್ನನ್ನು ಹೊರಬೇಕೆಂದು ಅಂಬುಬಾಯಿ ಹೇಳಿಟ್ಟಿದ್ದಳು. ಹಾಗಾಗಿ ಮಗ ಧಮ್ಮಪಾಲ ತನ್ನ ಜಾಗವನ್ನು ಹೆಂಡತಿ ಸುವರ್ಣಾಳಿಗೆ ಬಿಟ್ಟುಕೊಟ್ಟು ಬುದ್ಧನ ಪಟ ಹಿಡಿದು ಮುಂದೆ ನಡೆದಿದ್ದ. ಹಲಗೆಯ ಸದ್ದಿರಲಿಲ್ಲ. ಆ ಕೇರಿ ಬೌದ್ಧವಾಗಿ, ಹಲಗೆ ಬಾರಿಸುವುದನ್ನು ಬಿಟ್ಟು ಒಂದು ತಲೆಮಾರಾಗಿತ್ತು. ತೊಗರಿ ರಾಶಿಯ ಕಾಲ. ಹೊಲ ಬಿಟ್ಟು ಬಂದ ಹೆಂಗಸರ ಬಿಳಿ ಸೀರೆಗಳ ಮೇಲೂ ತೊಗರಿಯ ಹೊಟ್ಟು ಕೂತಿತ್ತು.

ಸಾಯಿರಾ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದಳು. ಮಿನಾಜ ಬರುತ್ತಿದ್ದಾಳೆಯೇ? ಬರುತ್ತಿದ್ದಳು, ತಲೆ ಬಗ್ಗಿಸಿ, ಎಲ್ಲರಿಗಿಂತ ಹತ್ತು ಮಾರು ಹಿಂದೆ.

ಹದಿನೇಳರ ಮಗಳು. ಆಳಂದದಲ್ಲಿ ಪಿಯುಸಿ ಓದುತ್ತಿದ್ದಳು. ಶುಕ್ರವಾರದಿಂದ ಸರಿಯಾಗಿ ಉಂಡಿರಲಿಲ್ಲ. ಹಬ್ಬದ ಬಳೆ, ಬಣ್ಣದ ಪೆನ್ನು, ಒಂದು ಒಳ್ಳೆಯ ಓಢಣಿ ಎಲ್ಲವನ್ನೂ ಚಿಕ್ಕಪ್ಪನ ಮಗಳಿಗೆ ಕೊಟ್ಟುಬಿಟ್ಟಿದ್ದಳು. ಯಾಕೆಂದು ಕೇಳಿದರೆ “ನಂಗ್ಯಾಕ ಬೇಕಿನ್ನ” ಅಂದಿದ್ದಳು.

ಸೋಮವಾರ ಬೇಳೆ ಕುದಿಯುತ್ತಿರುವಾಗ ಸಾಯಿರಾ ಇದನ್ನು ಹೇಳಿದ್ದೇ, ಅಂಬುಬಾಯಿ ಸೌಟನ್ನು ಕೆಳಗಿಟ್ಟಿದ್ದಳು.

“ಕೇಳಿದಿಯೇನು?”

“ಏನಂತ ಕೇಳ್ಲಿ ಅಂಬಕ್ಕ?”

“ಸಾಯಬೇಕನಸ್ತದೇನು ಅಂತ.”

“ತೌಬಾ ತೌಬಾ! ಹಡೆದ ಬಾಯಿಂದ ಅಂಥಾ ಮಾತು ಬರಬಾರದು. ಬಂದ್ರ ಖರೇನ ಆಗ್ತದ.”

“ಬರಲಿಲ್ಲಂತನ ನನ್ನ ಮನ್ಯಾಗ ಖರೇ ಆತು,” ಎಂದಿದ್ದಳು ಅಂಬುಬಾಯಿ. “ಇವತ್ತ ಕೇಳು ಬೇ. ಆಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ. ನಿನ್ನ ಕೈಲೆ ಆಗಲಿಲ್ಲಂದ್ರ ನಾಳಿ ಹೊತ್ತು ಹೊಂಟಗೂಡ್ಲೆ ನಾ ಬರ್ತೇನಿ. ಇಬ್ಬರೂ ಕೂಡಿ ಕೇಳೂಣು.”

ಮರುದಿನ ಹೊತ್ತು ಮೂಡುವ ಮೊದಲೇ ಅಂಬುಬಾಯಿ ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತವಳು ಏಳಲಿಲ್ಲ. ಅರವತ್ತೊಂದು ವಯಸ್ಸು. ಸಾಯಿರಾ ಎರಡು ರಾತ್ರಿ ಮಗಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದಳು. ಬೆಳಗಾಗುತ್ತಿತ್ತು. ಕೇಳಲಾಗುತ್ತಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಅಂಬುಬಾಯಿಯ ಮಗಳು ಪಲ್ಲವಿ ಸತ್ತ ದಿನ, ಠಾಣೆಯಲ್ಲಿ ಬರೆದುಕೊಳ್ಳುವವನು ಯಾರೂ ಬಾಯಿ ತೆರೆಯುವ ಮೊದಲೇ ಬರೆಯಲು ಶುರುಮಾಡಿದ್ದ.

“ಹೆಣ್ಣುಡುಗಿ ಅಲ್ಲೇನ್ರಿ? ಹೊಟ್ಟೆನೋವು ಅಂತ ಹಾಕ್ತೇನಿ. ನಿಮಗೂ ಚಲೋ, ನಮಗೂ ಚಲೋ. ನಾಳಿ ಯಾರೂ ಕೆದಕಂಗಿಲ್ಲ.”

“ಆಕಿಗಿ ಹೊಟ್ಟಿನೋವು ಇರಲಿಲ್ರಿ,” ಎಂದಳು ಅಂಬುಬಾಯಿ.

ಪಕ್ಕದಲ್ಲಿದ್ದ ಗಂಡ ಮಲ್ಕಪ್ಪ ಅವಳ ರಟ್ಟೆ ಹಿಡಿದು ಒತ್ತಿದ. ಅವನು ಗೌಂಡಿ. ಜೀವಮಾನವಿಡೀ ದಾರ ಹಿಡಿದು ಕಂಡವರ ಗೋಡೆಯ ಓರೆ ನೋಡಿದವನು. ಆ ಕಾಗದದ ಓರೆ ನೋಡದೆ ಸಹಿ ಹಾಕಿದ.

ಮೂರನೆಯ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ‘ಹೊಟ್ಟೆನೋವು ತಾಳಲಾರದೆ’ ಎಂದಿತ್ತು. ಅದರ ಕೆಳಗೇ ಜೇವರ್ಗಿ ಕಡೆಯ ಒಬ್ಬ ಹುಡುಗನ ಸುದ್ದಿ. ಅಲ್ಲಿಯೂ ಅದೇ ಮಾತು, ಒಂದಕ್ಷರವೂ ಬದಲಾಗಿರಲಿಲ್ಲ. ರಾತ್ರಿಶಾಲೆಯಲ್ಲಿ ಓದು ಕಲಿತಿದ್ದ ಅಂಬುಬಾಯಿ ಅಲ್ಲಿಂದ ಒಂದು ವರ್ಷ ಚಹಾದಂಗಡಿಯ ಪತ್ರಿಕೆಗಳನ್ನೆಲ್ಲ ತಂದು ಓದಿದಳು. ಆಮೇಲೊಂದು ದಿನ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತಳು.

“ಆಳಂದಕ್ಕೂ ಹೊಟ್ಟಿನೋವು, ಅಫಜಲಪುರಕ್ಕೂ ಹೊಟ್ಟಿನೋವು, ಜೇವರ್ಗಿಗೂ ಹೊಟ್ಟಿನೋವು. ಮೂರು ತಾಲೂಕಿನ ಮಕ್ಕಳಿಗೆಲ್ಲ ಕೂಡಿ ಒಂದ ಹೊಟ್ಟಿ ಅದೇನ್ರವ್ವಾ?”

ಅಂಬುಬಾಯಿ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿದಳು.

“ನನ್ನ ಪಲ್ಲವಿ ನಾಲ್ಕು ದಿನ ಉಣಲಿಲ್ಲ. ನಾ ಏನ್ ಮಾಡಿದೆ? ದೃಷ್ಟಿ ತಗದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದೆ. ಘಾಟು ಬರಲಿಲ್ಲ. ಹಂಗಾರ ದೃಷ್ಟಿನೇ ಆಗಿತ್ತು, ಹೋತು ಬಿಡು ಅಂತ ಆರಾಮ ಮಲಗಿದೆ. ಮೆಣಸಿನಕಾಯಿಗಿ ಕೇಳಿದೆ. ಮಗಳಿಗಿ ಕೇಳಲಿಲ್ಲ.”

ಅವಳು ಹೀಗೆ ಮಾತು ತೆಗೆದಾಗಲೆಲ್ಲ, ಮನೆಯಲ್ಲಾಗಲಿ ಕಟ್ಟೆಯಲ್ಲಾಗಲಿ, ಮಲ್ಕಪ್ಪ ಟವೆಲ್ಲು ಕೊಡವಿ ಎದ್ದು ಹೋಗುತ್ತಿದ್ದ. ಹನ್ನೊಂದು ವರ್ಷ ಹಾಗೆ ಎದ್ದು ಹೋದ.

*

ಶಾಲೆಯ ಹತ್ತಿರ ಬಂದಾಗ ಹೆಗಲು ಬದಲಿಸಲು ಚಟ್ಟ ನಿಂತಿತು. ಕಾಂಪೌಂಡಿನ ಮೇಲೆ ಮಕ್ಕಳ ತಲೆಗಳು ಸಾಲಾಗಿ ಎದ್ದವು. ಒಳಗೆ ಮಾಸ್ತರರೊಬ್ಬರು ಬೆತ್ತ ಬಡಿದು “ಇಳೀರಿ ಕೆಳಗ” ಎನ್ನುತ್ತಿದ್ದರು. ಒಂದು ತಲೆಯೂ ಇಳಿಯಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷ ಶಾಂತಲಿಂಗಪ್ಪ ಅಲ್ಲಿಯೇ ಬಂದು ಸೇರಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಚೆಂಡುಹೂವಿನ ಹಾರ.

“ದೊಡ್ಡ ಜೀವ ಹೋತು,” ಎಂದರು ಧಮ್ಮಪಾಲನಿಗೆ. “ಅಲ್ಲಿ ನಾಲ್ಕು ಮಾತು ನಾನ ಆಡ್ತೇನಪಾ. ನಿಮ್ಮವ್ವಂದು ನಮ್ಮ ಸಾಲಿಗಿ ಭಾಳ ಸೇವಾ ಅದ.”

“ಸೇವಾನ!” ಸಾಯಿರಾಳ ಕಿವಿಯಲ್ಲಿ ರೇವಮ್ಮ ಉಸುರಿದಳು. “ಸುಣ್ಣ ಹಚ್ಚಿಸಿದ್ದ ಗೌಡ ಹಾರ ತಂದಾನ ನೋಡು.”

*

ಸುಣ್ಣದ ಸಂಗತಿ ಇಡೀ ಊರಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ದವಾಖಾನೆಯಿಂದ ಒಬ್ಬ ನರ್ಸಮ್ಮ ಶಾಲೆಗೆ ಬಂದಿದ್ದಳು. ಮಕ್ಕಳ ಮನಸ್ಸಿನ ಬಗ್ಗೆ ಒಂದು ಗಂಟೆಯ ಮಾತು. ಮಾಸ್ತರರು ಮೊಬೈಲು ನೋಡುತ್ತ ಕೂತಿದ್ದರು. ಕರೆ ಹೋಗಿದ್ದರೂ ತಾಯಿ ತಂದೆ ಅನ್ನುವವರು ಒಬ್ಬರೂ ಬಂದಿರಲಿಲ್ಲ. ಅರಿಶಿನದ ಕೈಯಲ್ಲಿ ಬಾಗಿಲಿಗೆ ನಿಂತು ಕೇಳಿಸಿಕೊಂಡವಳು ಅಂಬುಬಾಯಿ.

“ನರ್ಸಬಾಯಿ ಅವರ,” ಎಂದು ಅಲ್ಲಿಂದಲೇ ಕೇಳಿದ್ದಳು, “ಕೇಳಿದ್ರ ಇಲ್ಲದ ವಿಚಾರ ಮಕ್ಕಳ ತಲ್ಯಾಗ ಹೊಕ್ತದಂತಾರಲ್ರಿ?”

“ಹೋಗಂಗಿಲ್ಲ ಯವ್ವಾ. ಒಳಗಿದ್ದದ್ದು ಹೊರಗ ಬರ್ತದ, ಅಷ್ಟ. ಕೇಳಿದ ಮ್ಯಾಲೆ ಬೈಬ್ಯಾಡ್ರಿ. ಆಣಿ ಹಾಕಿಸ್ಕೋಬ್ಯಾಡ್ರಿ. ಪೂರಾ ಹೇಳೂತನಕ ಕೇಳ್ರಿ. ಒಬ್ಬರನ್ನ ಬಿಡಬ್ಯಾಡ್ರಿ. ಜಲ್ದಿ ನಮ್ಮ ಕಡಿ ಕರ್ಕೊಂಡು ಬರ್ರಿ. ಬರಾಕ ಆಗಲಿಲ್ಲಂದ್ರ ಒಂದು ನಂಬರು ಅದ, ಹಗಲು ರಾತ್ರಿ ಯಾವಾಗರೆ ಹಚ್ರಿ, ರೊಕ್ಕ ಬೀಳಂಗಿಲ್ಲ.”

೧೪೪೧೬. ಅಂಬುಬಾಯಿ ಅದನ್ನು ಅಡುಗೆಮನೆಯ ಹೊರಗೋಡೆಯ ಮೇಲೆ, ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಪಕ್ಕದಲ್ಲಿ, ಕೆಮ್ಮಣ್ಣಿನಿಂದ ಬರೆದಳು. ಕೆಳಗೆ ‘ಜೀವ ಬ್ಯಾಡಾದರೆ ಮೊದಲು ಇಲ್ಲಿ ಮಾತಾಡು’ ಎಂದು ಬರೆದಳು. ಶಾಲೆಗೆ ಕೆಟ್ಟ ಹೆಸರು ಎಂದು ಶಾಂತಲಿಂಗಪ್ಪ ಸುಣ್ಣ ಹಚ್ಚಿಸಿದರು. ಮರುದಿನ ಮತ್ತೆ ಕೆಮ್ಮಣ್ಣು. ಮತ್ತೆ ಸುಣ್ಣ. ನಾಲ್ಕನೆಯ ಸಲ ಅವರೇ ಅಡುಗೆಮನೆಗೆ ಬಂದರು.

“ಸಾಯೂ ಮಾತು ಸಾಲಿ ಗೋಡಿ ಮ್ಯಾಲೆ ಬರೀತಿಯಲ್ಲ, ನಾಚಿಕಿ ಬರಂಗಿಲ್ಲೇನು? ಕೆಲಸ ಹೋಗ್ತದ ನೋಡು.”

“ತಗೀರಿ. ಗೋಡಿ ನಿಮ್ದು, ಕೆಲಸಾನೂ ನಿಮ್ದ. ಕೂಸುಗೋಳು ಊರಿನೂವು. ಬಾಯಿ ನಂದು.”

ಕೆಲಸ ಹೋಗಲಿಲ್ಲ. ಆ ಸಂಬಳಕ್ಕೆ ನೂರಿಪ್ಪತ್ತು ಮಕ್ಕಳಿಗೆ ಅನ್ನ ಬೇಯಿಸುವ ಇನ್ನೊಬ್ಬಳು ಸಿಗಲಿಲ್ಲ. ಅಂಬುಬಾಯಿ ಗೋಡೆ ಬಿಟ್ಟು ತಟ್ಟೆ ಹಿಡಿದಳು. ಬಡಿಸುವಾಗ ಯಾರ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತದೆ, ಯಾರು ಗೆಳತಿಯರನ್ನು ಬಿಟ್ಟು ಮೂಲೆಗೆ ಕೂತಿದ್ದಾರೆ, ಅವಳಿಗೆ ಗೊತ್ತಾಗುತ್ತಿತ್ತು. ಊಟ ಮುಗಿದ ಮೇಲೆ ಪಕ್ಕಕ್ಕೆ ಕೂತು ನೇರವಾಗಿ ಕೇಳುತ್ತಿದ್ದಳು. ಹೆಚ್ಚಿನವರು ಇಲ್ಲವೆಂದು ನಕ್ಕರು. ಹೌದು ಎಂದವರು ಏಳು ಮಂದಿ. ಏಳೂ ಮಂದಿಯ ತಾಯಂದಿರ ಜೊತೆ ಜಗಳಾಡಿ, ತಾನೇ ಬಸ್ಸು ಹತ್ತಿಸಿ ದವಾಖಾನೆಗೆ ಕರೆದೊಯ್ದಳು. ಆಮೇಲೂ ವಾರಕ್ಕೊಮ್ಮೆ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಆ ಏಳರಲ್ಲಿ ಆರು ಮಂದಿ ಇವತ್ತು ಚಟ್ಟದ ಹಿಂದೆ ನಡೆಯುತ್ತಿದ್ದರು. ಏಳನೆಯವಳು ಗಂಡನ ಮನೆ ನೆಲೋಗಿಯಿಂದ ಹೊರಟು ಬಸ್ಸಿನಲ್ಲಿದ್ದಳು.

*

ಕುಣಿಯನ್ನು ಬೆಳಿಗ್ಗೆಯೇ ಅಗೆದಿದ್ದರು. ಅದರ ಗೋಡೆಗಳನ್ನು ಸನಿಕೆಯಿಂದ ಸವರಿ ಸಮ ಮಾಡಿದವನು ಮಲ್ಕಪ್ಪ. ಯಾರು ಬೇಡವೆಂದರೂ ಇಳಿದಿದ್ದ. ಈಗ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಉಗುರಿನ ತುಂಬ ಕರಿಮಣ್ಣು.

ಧಮ್ಮಪಾಲ ತ್ರಿಶರಣ ಹೇಳಿಕೊಟ್ಟ. ಎಲ್ಲರೂ ಹೇಳಿದರು. ಅಂಬುಬಾಯಿಯನ್ನು ಇಳಿಸಿದರು. ಆಮೇಲೆ ಶಾಂತಲಿಂಗಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದರು.

“ಅಂಬುಬಾಯಿ ಅಂದ್ರ ಅನ್ನಪೂರ್ಣಿ. ಆಕಿ ಕೈಯಾಗ ಉಂಡು ಎಷ್ಟು ಮಕ್ಕಳು ಮಂದಿಯಾದ್ವು. ಸ್ವಂತ ಮಗಳು ಪಾಪ, ಹೊಟ್ಟೆನೋವಿನಿಂದ ತೀರಿಕೊಂಡ ಮ್ಯಾಲೆ ಊರ ಮಕ್ಕಳನ್ನ ತನ್ನ ಮಕ್ಕಳು ಅಂತ ತಿಳಿದು...”

“ಹೊಟ್ಟಿನೋವಲ್ಲ.”

ಯಾರು ಅಂದದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆ ದನಿಯನ್ನು ಜನ ಅಷ್ಟು ಜೋರಾಗಿ ಕೇಳಿರಲಿಲ್ಲ.

“ಏನಂದಿ ಮಲ್ಕಪ್ಪ?”

“ಹೊಟ್ಟಿನೋವಲ್ರಿ.” ಮಲ್ಕಪ್ಪ ಮಂಡಿ ಹಿಡಿದು ಎದ್ದು ನಿಂತ. “ಆ ಕಾಗದಕ್ಕ ಸಹಿ ಮಾಡಿದವ ನಾನು. ಸುಳ್ಳು ಅದು.”

ಧಮ್ಮಪಾಲ ಓಡಿ ಬಂದು ತಂದೆಯ ಕೈ ಹಿಡಿದ. “ಅಪ್ಪಾ, ಈಗ ಬ್ಯಾಡ. ಮಂದಿ ಬಂದಾರ.”

“ಮಂದಿ ಬಂದಾರಂತನ ಹೇಳಾಕತ್ತೇನಿ. ಮಂದಿ ಇಲ್ದಾಗ ಗೋಡಿಗೆ ಹೇಳ್ಲೇನು?” ಕೈ ಬಿಡಿಸಿಕೊಂಡ. “ನನ್ನ ಪಲ್ಲವಿ ತನ್ನ ಜೀವ ತಾನ ತಕ್ಕೊಂಡ್ಲು. ಕೆಟ್ಟಾಕಿ ಇದ್ದಿದ್ದಿಲ್ಲ, ಹೇಡಿನೂ ಇದ್ದಿದ್ದಿಲ್ಲ. ಒಳಗ ನೋವಿತ್ತು. ಆ ನಾಲ್ಕು ದಿನ ಆಕಿ ಮುಖ ನಮ್ಮ ಕಣ್ಣಮುಂದ ಇತ್ತು. ನಾವು ಕೇಳಲಿಲ್ಲ. ಕೇಳಿದ್ರ ಉಳೀತಿದ್ಲೇನು? ನಂಗೊತ್ತಿಲ್ಲ. ಕೇಳಬೇಕಿತ್ತು. ನಾ ಏನು ಮಾಡಿದೆ? ಸತ್ತ ಮ್ಯಾಲೂ ಆಕಿ ನೋವಿನ ಹೆಸರು ಬದಲಾಸಿದೆ. ಇಜ್ಜತ್ ಉಳೀತದಂತ.”

“ಮಲ್ಕಪ್ಪ, ಹೆಣದ ಮುಂದ ಇಂಥಾ ಮಾತು ಆಡಬಾರದು. ಸಣ್ಣ ಮಕ್ಕಳು ಅದಾವು ಇಲ್ಲಿ,” ಎಂದರು ಶಾಂತಲಿಂಗಪ್ಪ.

“ಅದಾವಲ್ರಿ!” ಎಂದಳು ರೇವಮ್ಮ. “ಅವಕ್ಕಾಗಿನ ಹೇಳಾಕತ್ತಾನ. ಗೋಡಿಗಿ ಸುಣ್ಣ ಹಚ್ಚಿದಂಗ ಇವನ ಬಾಯಿಗೂ ಹಚ್ಚತೀರೇನು?”

ಶಾಂತಲಿಂಗಪ್ಪ ಸುತ್ತಲೂ ನೋಡಿದರು. ಬಿಳಿ ಸೀರೆಗಳಲ್ಲಿ ಒಂದೂ ಅವರ ಕಡೆ ಸರಿಯಲಿಲ್ಲ. ಹಾರವನ್ನು ಕುಣಿಗೆ ಹಾಕಿ ಹಿಂದೆ ಸರಿದು ನಿಂತರು.

“ಹನ್ನೊಂದು ವರ್ಷ ಇಕಿ ಇದನ್ನ ಹೇಳ್ಕೋತ ತಿರಗ್ಯಾಡಿದ್ಲು,” ಮಲ್ಕಪ್ಪ ಕುಣಿಯ ಕಡೆ ಕೈ ಮಾಡಿದ. “ನಾ ಎದ್ದೆದ್ದು ಹೊರಗ ಹೋದೆ. ಇವತ್ತ ಹೋಗಂಗಿಲ್ಲ.”

ಅಷ್ಟು ಹೇಳಿ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಧಮ್ಮಪಾಲ, ಸುವರ್ಣಾ, ರೇವಮ್ಮ, ಹೀಗೆ ಒಬ್ಬೊಬ್ಬರೇ ಬಂದರು. ಸಾಯಿರಾ ಮೂರು ಹಿಡಿ ಹಾಕಿದಳು, ತನ್ನವರ ಪದ್ಧತಿಯಂತೆ. ತಿರುಗಿ ನೋಡಿದರೆ ಮಿನಾಜ ಕುಣಿಯ ಅಂಚಿಗೆ ಬಂದು ನಿಂತಿದ್ದಳು. ಮುಷ್ಟಿಯಲ್ಲಿ ಮಣ್ಣಿತ್ತು. ಮುಷ್ಟಿ ಬಿಚ್ಚುತ್ತಿರಲಿಲ್ಲ.

“ದೊಡ್ಡಮ್ಮಗ ಇನ್ನ ಯಾವ ತ್ರಾಸೂ ಇಲ್ಲಲಾ ಅಮ್ಮಿ,” ಎಂದಳು, ಕೆಳಗೆ ನೋಡುತ್ತ.

ಆ ಮಾತಿನಲ್ಲಿ ದುಃಖವಿರಲಿಲ್ಲ. ಆಸೆಯಿತ್ತು. ಸಾಯಿರಾ ಮಗಳ ರಟ್ಟೆ ಹಿಡಿದು ಅಂಚಿನಿಂದ ಈಚೆಗೆ ಎಳೆದಳು. ತಾಯಿ ಮಗಳು ಮನೆಯಲ್ಲಿ ಆಡುವುದು ದಖನಿ ಉರ್ದು. ಆ ಭಾಷೆಯಲ್ಲಿ ಎರಡು ರಾತ್ರಿ ತಡಕಾಡಿದರೂ ನಾಲಿಗೆಗೆ ಬರದಿದ್ದ ಮಾತು ಈಗ ಕನ್ನಡದಲ್ಲಿ ಬಂತು. ಅಂಬುಬಾಯಿ ತಟ್ಟೆಗಳ ಪಕ್ಕ ಕೂತು ಕೇಳುತ್ತಿದ್ದ ಮಾತೇ ಬಂತು.

“ಮಿನಾಜ. ನಿನಗ ಸಾಯಬೇಕನಸ್ತದೇನು?”

ಹತ್ತಿರ ನಿಂತವರು ತಿರುಗಿ ನೋಡಿದರು.

ಮಿನಾಜ ತಾಯಿಯ ಮುಖ ನೋಡಿದಳು. ಇವಳು ಖರೇನ ಕೇಳುತ್ತಿದ್ದಾಳೋ ಅಥವಾ ಬೈಯಲು ದಾರಿ ಮಾಡಿಕೊಳ್ಳುತ್ತಿದ್ದಾಳೋ ಎಂದು ಅಳೆಯುವಂತೆ.

“ಹೂಂ,” ಎಂದಳು.

ಸಾಯಿರಾಳ ಕೈ ಮೇಲೆದ್ದಿತು. ಹೊಡೆಯಲೆಂದೇ ಎದ್ದಿತ್ತು. ಬಾಯಲ್ಲಿ ಆಣೆ ಬಂದಿತ್ತು, ನನ್ನ ತಲೆಯ ಮೇಲೆ ಕೈಯಿಟ್ಟು ಹೇಳು ಎಂಬ ಮಾತು ತುದಿಯವರೆಗೂ ಬಂದಿತ್ತು. ಅದನ್ನು ಉಗುಳಿನ ಜೊತೆ ನುಂಗಿದಳು. ಎದ್ದ ಕೈ ಮಗಳ ಬೆನ್ನ ಮೇಲೆ ಇಳಿದು ಅಲ್ಲಿಯೇ ಉಳಿಯಿತು.

“ಯಾವಾಗಿಂದ ಬೇಟಿ?”

“ಬಕ್ರೀದ ಆದ ಮ್ಯಾಲಿಂದ.” ಮಿನಾಜ ಮುಷ್ಟಿಯ ಮಣ್ಣನ್ನು ಕೆಳಗೆ ಬಿಟ್ಟಳು. “ಯಾಕಂತ ಕೇಳಬ್ಯಾಡ ಅಮ್ಮಿ. ನಂಗೂ ಗೊತ್ತಿಲ್ಲ. ಎದ್ದಾಗಿಂದ ಮಲಗೂತನಕ ಕಲ್ಲು ಹೊತ್ತಂಗ ಆಗ್ತದ. ಯಾರರೆ ಕೇಳ್ತಾರೇನಂತ...”

“ಕೇಳೇನಿ. ಕೂಡ್ರು ಇಲ್ಲಿ. ಹೇಳು, ಎಷ್ಟದ ಅಷ್ಟು ಹೇಳು. ನಾ ಎಲ್ಲೂ ಹೋಗಂಗಿಲ್ಲ. ಮುಗಿದ ಮ್ಯಾಲೆ ಇಬ್ಬರೂ ಕೂಡಿ ಆಳಂದಕ್ಕ ದವಾಖಾನಿಗಿ ಹೋಗೂಣು. ಇವತ್ತ. ಈಗ.”

ಇಬ್ಬರೂ ಹಸಿ ಮಣ್ಣಿನ ಮೇಲೆ ಕುಸಿದು ಕೂತರು.

ಹಿಂದೆಯೇ ಟಂಟಂ ತಂದು ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದ ಗೌಸ ದಾಪುಗಾಲು ಹಾಕುತ್ತ ಬಂದ. “ಏನು ತಮಾಷಾ ಹಚ್ಚೀರಿ ಮಂದಿ ಮುಂದ? ಏಳ್ರಿ! ಮನೀಗಿ ನಡೀರಿ!”

ಮಲ್ಕಪ್ಪ ಅಡ್ಡ ಬಂದು ನಿಂತ. ಅವನಿಗೆ ಗೌಸನ ಭುಜದಷ್ಟೂ ಎತ್ತರವಿರಲಿಲ್ಲ.

“ಗೌಸ. ಆಕಿಗಿ ನಾನೂ ಇದ ಅಂದಿದ್ದೆ.”

“ಏನು?”

“ಕಟ್ಟಿ ಮ್ಯಾಲೆ ಕೂತು ಅಳಾಕತ್ತಿದ್ಲು ನನ್ನ ಪಲ್ಲವಿ. ಮಂದಿ ನೋಡ್ತಾರ, ಒಳಗ ನಡಿ ಅಂದಿದ್ದೆ.”

ಗೌಸ ಅಲ್ಲಿಯೇ ನಿಂತ. ಮಲ್ಕಪ್ಪನ ಭುಜದಾಚೆ, ಮಣ್ಣಿನಲ್ಲಿ ಕೂತ ಮಗಳ ಬೆನ್ನು ಕುಲುಕುತ್ತಿರುವುದನ್ನು ನೋಡಿದ. ಅವಳು ಅತ್ತದ್ದನ್ನು ಅವನು ನೋಡಿ ವರ್ಷವೇ ಆಗಿತ್ತೇನೋ.

ಅಷ್ಟರಲ್ಲಿ ಜನ ನೆರೆಯತೊಡಗಿತ್ತು. ಕತ್ತುಗಳು ಉದ್ದವಾಗುತ್ತಿದ್ದವು. ಯಾರೋ ಮೊಬೈಲು ಎತ್ತಿದ್ದರು.

“ಇಡಲೇ ಅದನ್ನ ಕಿಸೇದಾಗ!” ರೇವಮ್ಮ ಗದರಿದಳು. “ಏನ್ ನೋಡ್ತೀರಿ? ತಿರಗ್ರಿ ಆ ಕಡಿ! ಏ ಸುವರ್ಣಾ, ಬಾ ಇಲ್ಲಿ!”

ಅವಳು ತಾಯಿ ಮಗಳಿಗೆ ಬೆನ್ನು ಮಾಡಿ ನೆಲಕ್ಕೆ ಕೂತಳು. ಸುವರ್ಣಾ ಅವಳ ಭುಜಕ್ಕೆ ಭುಜ ಹಚ್ಚಿ ಕೂತಳು. ಅಂಬುಬಾಯಿ ದವಾಖಾನೆಗೆ ಕರೆದೊಯ್ದಿದ್ದ ಆ ಆರು ಮಂದಿ ಬಂದರು. ತೊಗರಿ ಹೊಲದ ಹೆಂಗಸರು ಬಂದರು. ಒಬ್ಬೊಬ್ಬರೇ ಬೆನ್ನು ತಿರುಗಿಸಿ, ಮುಖ ಹೊರಗೆ ಮಾಡಿ, ಒತ್ತೊತ್ತಾಗಿ ಕೂತರು. ಸಂದಿಲ್ಲದ ಒಂದು ಸುತ್ತು ಬಿಳಿ ಬೆನ್ನು. ನೋಡಲು ಬಂದವರು ಆ ಮುಖಗಳ ಎದುರು ನಿಲ್ಲಲಾರದೆ ಚದುರಿದರು. ಒಳಗಿನಿಂದ ಮಿನಾಜಳ ದನಿ ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಡುನಡುವೆ ಸಾಯಿರಾ “ಹೂಂ” ಎನ್ನುತ್ತಿದ್ದಳು. ಬೇರೇನೂ ಅನ್ನುತ್ತಿರಲಿಲ್ಲ.

ಗೌಸ ಟಂಟಂ ಹತ್ತಿರ ಹೋದ. ಹಿಂದಿನ ಸೀಟಿನಲ್ಲಿ ಯಾರದೋ ಬಾಡಿಗೆಯ ಎರಡು ತೊಗರಿ ಚೀಲಗಳಿದ್ದವು. ಒಂದೊಂದನ್ನೇ ಎಳೆದು ರಸ್ತೆಯ ಬದಿಗೆ ಇಳಿಸಿದ. ಗಾಡಿಯ ಮೂತಿಯನ್ನು ಆಳಂದದ ಕಡೆ ತಿರುಗಿಸಿ ನಿಲ್ಲಿಸಿದ. ಹೆಗಲ ಮೇಲಿನ ರುಮಾಲು ತೆಗೆದು ಸೀಟಿನ ಧೂಳನ್ನು ಒಂದು ಸಲ ಒರೆಸಿದ, ಇನ್ನೊಂದು ಸಲ ಒರೆಸಿದ. ಆಮೇಲೆ ಮರಳಿ ಬಂದು, ಹೆಂಗಸರ ಸುತ್ತಿನಿಂದ ನಾಲ್ಕು ಮಾರು ದೂರದಲ್ಲಿ, ರಸ್ತೆಗೆ ಮುಖ ಮಾಡಿ, ಅವನೂ ಬೆನ್ನು ತಿರುಗಿಸಿ ಮಣ್ಣಿನಲ್ಲಿ ಕೂತ.